ಮಾರಿದವರೇ ರಿಪೇರಿಗೂ ಬರಲಿ

ಒಂದು ವಸ್ತುವನ್ನು ಮಾರುವುದೆಂದರೆ ಏನು? ದುಡ್ಡು ಎಣಿಸಿಕೊಂಡು, ರಟ್ಟಿನ ಪೆಟ್ಟಿಗೆಗೆ ಹುರಿ ಬಿಗಿದು, ಆಟೋಗೆ ಏರಿಸಿ ಕಳಿಸಿಬಿಟ್ಟರೆ ಮುಗಿಯಿತೇ? ಮುಗಿಯಲಿಲ್ಲ ಎನ್ನುತ್ತೇನೆ ನಾನು. ಕೆಟ್ಟರೆ ಸರಿಮಾಡಿಸಿಕೊಳ್ಳುವ ದಾರಿ ತೋರಿಸದೆ ಮಾರಿದ್ದು ಅರ್ಧ ವ್ಯಾಪಾರ. ಉಳಿದರ್ಧ ಕಂಪನಿಯವರು ನಮಗೆ ಕೊಡಬೇಕಾದ ಬಾಕಿ. ಆ ಬಾಕಿ ಕೇಳಲು ಹೋದರೆ ಭಿಕ್ಷೆಗೆ ಬಂದವರನ್ನು ನೋಡುವ ಹಾಗೆ ನೋಡುತ್ತಾರಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ನಮ್ಮ ನಂಜನಗೂಡಿನಂಥ ಊರಿನಲ್ಲಿ ಯಾವ ಬೀದಿಗಾದರೂ ಬನ್ನಿ. ನಾಲ್ಕು ಮನೆಗೊಂದರಲ್ಲಾದರೂ ಪಡಸಾಲೆಯ ಮೂಲೆಯಲ್ಲೋ ಅಟ್ಟದ ಮೇಲೋ ಒಂದು ಟೇಪ್ ರೆಕಾರ್ಡರು, ಇಲ್ಲವೆ ಎರಡು ಸ್ಪೀಕರಿನ ಸ್ಟೀರಿಯೋ ಸೆಟ್ಟು, ಕಸೂತಿ ಬಟ್ಟೆ ಹೊದ್ದುಕೊಂಡು ಮೂಕವಾಗಿ ಕೂತಿರುತ್ತದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕೊಂಡವು. ಫಿಲಿಪ್ಸ್ ಅಂತ ಒಬ್ಬರು, ಬಿಪಿಎಲ್-ಸ್ಯಾನ್ಯೊ ಅಂತ ಇನ್ನೊಬ್ಬರು, ಸ್ವಲ್ಪ ಸ್ಥಿತಿವಂತರಾದರೆ ಕಲ್ಕತ್ತೆಯ ಸೋನೊಡೈನ್. ಅವು ಸುಮ್ಮನೆ ಬಂದ ವಸ್ತುಗಳಲ್ಲ. ಚೀಟಿ ಕಟ್ಟಿ, ದೀಪಾವಳಿಯ ಬೋನಸ್ಸನ್ನು ಕಾದು, ಒಂದು ಸೀರೆ ಬೇಡವೆಂದು ಉಳಿಸಿ ತಂದವು. ೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ ಕವಿತೆ ಎನ್ನುವುದು ಪುಸ್ತಕದ ಕಪಾಟಿನಿಂದ ಇಳಿದು ನಮ್ಮ ಅಡುಗೆಮನೆಯ ಬಾಗಿಲಿಗೇ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಲೇ ನಾವು ಭಾವಗೀತೆ ಕಲಿತೆವು. ಹಿತ್ತಿಲಲ್ಲಿ ಬಟ್ಟೆ ಒಗೆಯುವವಳಿಗೆ ಮಾದೇಶ್ವರನ ಕಥೆಯ ಕ್ಯಾಸೆಟ್ಟು ಬೇಕು, ಒಳಗೆ ಅತ್ತೆಗೆ ಸುಪ್ರಭಾತ ಬೇಕು. ಒಂದೇ ಪೆಟ್ಟಿಗೆ ಇಬ್ಬರಿಗೂ ಹಾಡಿತು.

ಈಗ ಅದು ಹಾಡುವುದಿಲ್ಲ. ಯಾಕೆ ಹಾಡುವುದಿಲ್ಲ ಎಂದು ಕೇಳಿದರೆ ‘ಹಳೆಯದಾಯಿತು’ ಎನ್ನುತ್ತಾರೆ. ಹಳೆಯದಾಯಿತು ಎಂಬುದು ಕಾರಣವಲ್ಲ, ಬಾಯಿ ಮುಚ್ಚಿಸುವ ಮಾತು. ಒಳಗೆ ಏನು ಕೆಟ್ಟಿದೆ ಎಂದು ನೋಡಿ. ಮೋಟಾರಿನಿಂದ ಚಕ್ರಕ್ಕೆ ತಿರುಗುವ ಬಲ ಸಾಗಿಸುವ ರಬ್ಬರ್ ಬೆಲ್ಟು ಜೋತುಬಿದ್ದಿರುತ್ತದೆ, ಇಲ್ಲವೆ ಕರಗಿ ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿರುತ್ತದೆ. ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳ ಒಳಗಿನ ದ್ರವ ಒಣಗಿ, ಹಾಡಿಗಿಂತ ಮೊದಲು ‘ಗುಂಯ್’ ಎಂಬ ಸದ್ದು ಬರುತ್ತದೆ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುವುದು ಒಳಗೆ ಕೂತ ಧೂಳಿನಿಂದ. ಸ್ಪೀಕರಿನ ಅಂಚಿನ ಫೋಮು ಪುಡಿಪುಡಿಯಾಗಿರುತ್ತದೆ. ಇವೆಲ್ಲ ಸವೆಯುವ ಭಾಗಗಳು, ಸವೆಯುತ್ತವೆಂದು ಮಾಡಿದವರಿಗೂ ಗೊತ್ತಿದ್ದವು. ಮೋಟಾರು, ಟ್ರಾನ್ಸ್‌ಫಾರ್ಮರು, ಮರದ ಪೆಟ್ಟಿಗೆ ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತವೆ.

ನಮ್ಮ ಅಡುಗೆಮನೆಯ ಲೆಕ್ಕವನ್ನೇ ಇಲ್ಲಿಗೂ ಹಾಕಿ ನೋಡೋಣ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಕುಕ್ಕರನ್ನು ಗುಜರಿಗೆ ಹಾಕುತ್ತೇವೆಯೇ? ಇಪ್ಪತ್ತು ವರ್ಷದ ಕುಕ್ಕರಿಗೂ ಪಾತ್ರೆ ಅಂಗಡಿಯಲ್ಲಿ ಗ್ಯಾಸ್ಕೆಟ್ ಸಿಗುತ್ತದೆ. ಅಜ್ಜಿಯ ಕಾಲದ ಕಪ್ಪು ಹೊಲಿಗೆ ಯಂತ್ರಕ್ಕೆ ಇವತ್ತಿಗೂ ಬಾಬಿನ್, ಸೂಜಿ, ಚರ್ಮದ ಬೆಲ್ಟು ತಾಲ್ಲೂಕು ಪೇಟೆಯಲ್ಲೇ ಸಿಗುತ್ತವೆ. ಟೇಪಿನ ಬೆಲ್ಟಾದರೂ ಏನು? ಗ್ಯಾಸ್ಕೆಟ್ಟಿನ ಹಾಗೆಯೇ ಒಂದು ರಬ್ಬರ್ ಬಳೆ, ಅಷ್ಟೇ. ಕುಕ್ಕರಿನವರಿಗೆ ಆದದ್ದು ಇವರಿಗೆ ಯಾಕೆ ಆಗಲಿಲ್ಲ? ಅವರು ಅಳತೆಯನ್ನು ವರ್ಷಕ್ಕೊಮ್ಮೆ ಬದಲಾಯಿಸಲಿಲ್ಲ, ಬಿಡಿಭಾಗವನ್ನು ಎಲ್ಲ ಅಂಗಡಿಗೂ ಕೊಟ್ಟರು. ಇವರು ಮಾಡೆಲ್ಲಿಗೊಂದು ಅಳತೆ ಇಟ್ಟರು, ಬಿಡಿಭಾಗವನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು, ಕೊನೆಗೆ ಬೀರುವನ್ನೇ ಎತ್ತಿಕೊಂಡು ಹೋದರು. ಇದು ಕಾಲದ ಮಹಿಮೆಯಲ್ಲ, ಅವರು ಮಾಡಿಕೊಂಡ ತೀರ್ಮಾನ.

ನಮ್ಮ ಮನೆಯ ಸೆಟ್ಟಿನ ಕಥೆ ಹೇಳುತ್ತೇನೆ. ೧೯೯೨ರಲ್ಲಿ ಕೊಂಡದ್ದು. ಕಂಪನಿಯ ಹೆಸರು ಬೇಡ, ಒಬ್ಬರನ್ನು ಅಂದರೆ ಉಳಿದವರೆಲ್ಲ ಸಾಚಾ ಎಂದಾಗುತ್ತದೆ. ಟೇಪು ಸುತ್ತುವುದು ನಿಂತಾಗ ಅದನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೈಸೂರಿನ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ಮುಚ್ಚಳ ಕೂಡ ತೆಗೆಯಲಿಲ್ಲ. ‘ಈ ಮಾಡೆಲ್ ನಿಂತುಹೋಗಿದೆ ಮೇಡಂ’ ಎಂದ. ಬರೀ ಬೆಲ್ಟಿನ ತೊಂದರೆ ಇರಬಹುದು ನೋಡಪ್ಪ ಎಂದೆ. ‘ಮನೆಯಲ್ಲಿ ಗಂಡಸರಿದ್ದರೆ ಕಳಿಸಿ, ಅವರಿಗೆ ವಿವರಿಸ್ತೀವಿ’ ಎಂದ! ಬೆಲ್ಟು ಹೋಗಿದೆ ಎಂದು ಹೇಳಿದವಳು ನಾನು, ವಿವರಣೆ ಮಾತ್ರ ಗಂಡಸರಿಗೆ. ಪರೀಕ್ಷೆಯ ಶುಲ್ಕವೆಂದು ದುಡ್ಡು ತೆಗೆದುಕೊಂಡು, ವಾರ ಬಿಟ್ಟು ಹಿಂದಿನ ಎರಡು ಸ್ಕ್ರೂ ಇಲ್ಲದ ಸೆಟ್ಟನ್ನು ಹಾಗೆಯೇ ಕೊಟ್ಟರು. ಜೊತೆಗೊಂದು ಉಪದೇಶ: ‘ಎಕ್ಸ್‌ಚೇಂಜಿಗೆ ಹಾಕಿ ಬ್ಲೂಟೂತ್ ಸ್ಪೀಕರ್ ತೊಗೊಳ್ಳಿ. ರಿಪೇರಿ ಮಾಡಿಸಿದರೆ ಮೂಗಿಗಿಂತ ಮೂಗುತಿ ಭಾರ.’

ಅದನ್ನು ಕೊನೆಗೆ ಮಾತನಾಡಿಸಿದ್ದು ಟಿ. ನರಸೀಪುರದಲ್ಲಿ. ತಂಗಿಯನ್ನು ಕೊಟ್ಟಿರುವ ಊರು ಅದು. ಬಸ್ ಸ್ಟ್ಯಾಂಡಿನ ಹತ್ತಿರದ ಪುಟ್ಟ ಅಂಗಡಿಯ ವಯಸ್ಸಾದ ಮೆಕ್ಯಾನಿಕ್ಕು ಮುಚ್ಚಳ ಬಿಚ್ಚಿ, ಚಕ್ರಗಳ ಸುತ್ತ ಒಂದು ದಾರ ಹಿಡಿದು ಅಳತೆ ತೆಗೆದರು. ಆ ಅಳತೆಯ ಬೆಲ್ಟನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರು. ಬೆಲ್ಟಿನ ಬೆಲೆ ಎರಡು ಕಾಫಿ ಒಂದು ಮಸಾಲೆ ದೋಸೆಯಷ್ಟಿರಲಿಲ್ಲ. ಟೇಪು ಸುತ್ತಿತು. ಆದರೆ ಎಡಗಡೆಯ ಸ್ಪೀಕರು ಇವತ್ತಿಗೂ ಮಾತನಾಡುವುದಿಲ್ಲ. ‘ಸರ್ಕ್ಯೂಟಿನ ನಕ್ಷೆ ಒಂದಿದ್ದರೆ ನೋಡಬಹುದಿತ್ತಮ್ಮ, ಕತ್ತಲೆಯಲ್ಲಿ ಕೈ ಹಾಕಿ ಇನ್ನೇನಾದರೂ ಸುಟ್ಟರೆ?’ ಎಂದರು. ನಕ್ಷೆ ಕಂಪನಿಯವರ ಹತ್ತಿರ ಇದೆ. ಒಂದು ಹಾಳೆ ಕಾಗದ. ಎರಡು ಸಲ ಬರೆದು ಕೇಳಿದರೂ ಉತ್ತರವಿಲ್ಲ. ಹಿಂದಿನ ಕಾಲದ ಎಷ್ಟೋ ರೇಡಿಯೋಗಳ ಜೊತೆಗೆ ಆ ನಕ್ಷೆಯನ್ನು ಅಚ್ಚುಹಾಕಿಯೇ ಕೊಡುತ್ತಿದ್ದರು. ಕೊಟ್ಟದ್ದರಿಂದ ಯಾವ ಕಂಪನಿಯೂ ಮುಳುಗಲಿಲ್ಲ.

ಟಿ. ನರಸೀಪುರ ಎಂದೊಡನೆ ನೆನಪಾಗುವುದು ಪಿಟೀಲು ಚೌಡಯ್ಯನವರು. ೧೮೯೫ರಲ್ಲಿ ಆ ನೆಲದಲ್ಲಿ ಹುಟ್ಟಿದವರು. ಸಭೆಗಳಲ್ಲಿ ಧ್ವನಿವರ್ಧಕ ಇಲ್ಲದ ಕಾಲ, ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅವರು ಮೂರು ತಂತಿ ಹೆಚ್ಚಿಗೆ ಕಟ್ಟಿ ಏಳು ಮಾಡಿಕೊಂಡರು. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಅದು ನುಡಿಸುವವನ ಜವಾಬ್ದಾರಿ ಎಂದು ತಿಳಿದವರು ಮಾಡುವ ಕೆಲಸ ಅದು. ಈಗಿನ ಕಂಪನಿಗಳಿಗೆ ನಮ್ಮ ತಾಲ್ಲೂಕುಗಳೇ ಹಿಂದಿನ ಸಾಲು. ಜಾಹೀರಾತು ಇಲ್ಲಿಯವರೆಗೂ ಮುಟ್ಟುತ್ತದೆ, ಸಾಲದ ಕಂತು ಮುಟ್ಟುತ್ತದೆ, ಸರ್ವಿಸ್ಸು ಮಾತ್ರ ಮೈಸೂರಿನಲ್ಲೇ ನಿಂತುಬಿಡುತ್ತದೆ.

ಇನ್ನೂ ತಮಾಷೆ ನೋಡಿ. ಎಲೆಕ್ಟ್ರಾನಿಕ್ ಉಪಕರಣಗಳ ಬೆನ್ನೆಲುಬಾದ ಸರ್ಕ್ಯೂಟ್ ಬೋರ್ಡು ತಯಾರಾಗುವುದು ನಮ್ಮ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೇ. ಅಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ೧೯೯೯ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ಕೊಂಡಿತು. ಇಲ್ಲಿನ ಬೋರ್ಡು ದೂರದ ದೇಶಗಳಿಗೆ ಹೋಗುತ್ತದೆ. ಅದೇ ಊರಿನ ಹೆಣ್ಣುಮಗಳು ತನ್ನ ಟೇಪ್ ರೆಕಾರ್ಡರಿನ ಬೋರ್ಡಿನ ಮೇಲಿನ ಎರಡು ಬೆಸುಗೆ ಹಾಕಿಸಲು ಬಸ್ಸು ಹತ್ತಬೇಕು. ಆ ಕಾರ್ಖಾನೆಯವರದು ತಪ್ಪೆನ್ನುತ್ತಿಲ್ಲ, ಅವರ ಕೆಲಸ ಬೋರ್ಡು ಮಾಡುವುದು. ಕೈಕೆಲಸ ಬಲ್ಲವರು ಈ ಸೀಮೆಯಲ್ಲಿ ಇಲ್ಲ ಎಂಬ ನೆವ ಮಾತ್ರ ಯಾರೂ ಹೇಳಬೇಡಿ ಎನ್ನುತ್ತೇನೆ.

‘ಫೋನಿನಲ್ಲಿ ಎಲ್ಲ ಹಾಡೂ ಇದೆಯಲ್ಲ, ಇದ್ಯಾಕೆ ಈ ಹಳೇ ಪೆಟ್ಟಿಗೆಯ ಹಟ?’ ಎಂದು ಮನೆಯಲ್ಲಿ ಮಕ್ಕಳೇ ಕೇಳುತ್ತಾರೆ. ಎಲ್ಲ ಹಾಡೂ ಇಲ್ಲ. ನಮ್ಮಮ್ಮ ತಂಗಿಯ ಮದುವೆಯಲ್ಲಿ ಹಾಡಿದ ಸೋಬಾನೆ ಪದ ಯಾವ ಫೋನಿನಲ್ಲೂ ಇಲ್ಲ, ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಇದೆ. ಅಮ್ಮ ಈಗಿಲ್ಲ. ನಿಮ್ಮಲ್ಲೂ ಇರುತ್ತದೆ, ಮಗು ಮೊದಲ ಸಲ ‘ಅತ್ತೆ’ ಎಂದದ್ದು, ದುಬೈಗೆ ಹೋದ ಅಣ್ಣ ಕಾಗದದ ಬದಲು ಮಾತನಾಡಿ ಕಳಿಸಿದ್ದು. ಟೇಪಿನ ಮೇಲಿನ ಲೇಪ ಶಾಶ್ವತವಲ್ಲ, ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನುಡಿಸುವ ಯಂತ್ರ ಸತ್ತರೆ, ಆ ದನಿಯನ್ನು ಇನ್ನೊಂದಕ್ಕೆ ಇಳಿಸಿಕೊಳ್ಳುವ ದಾರಿಯೂ ಮುಚ್ಚಿದಂತೆ. ಎಕ್ಸ್‌ಚೇಂಜಿನವರು ಇದಕ್ಕೆ ಎಷ್ಟು ಕೊಡುತ್ತಾರೆ? ಅವರು ಕೊಡುವ ಬ್ಲೂಟೂತ್ ಡಬ್ಬಿಗಳಲ್ಲಾದರೂ ಎಷ್ಟೋ ಬಿಚ್ಚಲು ಒಂದು ಸ್ಕ್ರೂ ಕೂಡ ಇಲ್ಲದ ಹಾಗೆ ಅಂಟು ಹಾಕಿ ಮುಚ್ಚಿದವು. ಒಳಗಿನ ಬ್ಯಾಟರಿ ಸತ್ತ ದಿನ ಡಬ್ಬಿಯೂ ಸತ್ತಿತು.

ಕಂಪನಿಯವರ ಪರವಾಗಿ ಒಂದು ಮಾತು ನಿಜ. ಕೆಲವು ಭಾಗಗಳು ಲೋಕದಲ್ಲೇ ಇಲ್ಲವಾಗುತ್ತವೆ. ಹಳೆಯ ಆಂಪ್ಲಿಫೈಯರುಗಳಲ್ಲಿದ್ದ ಎಸ್‌ಟಿಕೆ ಎಂಬ ಕಪ್ಪು ಬಿಲ್ಲೆಗಳಲ್ಲಿ ಅನೇಕವುಗಳ ತಯಾರಿಕೆ ನಿಂತು, ಈಗ ಪೇಟೆಯಲ್ಲಿ ನಕಲಿಗಳದೇ ಕಾಟ. ಎಲ್ಲ ಬಿಡಿಭಾಗವನ್ನೂ ಯುಗಾಂತರದವರೆಗೆ ಕೂಡಿಡಿ ಎಂದು ಯಾರೂ ಕೇಳುತ್ತಿಲ್ಲ. ನೀವು ನಿಲ್ಲಿಸುವಾಗ ನಕ್ಷೆಯನ್ನು, ಅಳತೆಯ ಪಟ್ಟಿಯನ್ನು ಊರಿನ ಮೆಕ್ಯಾನಿಕ್ಕಿನ ಕೈಗೆ ಕೊಟ್ಟು ಹೋಗಿ ಎನ್ನುತ್ತೇವೆ. ತಾನೂ ಮಾಡದೆ ಮಾಡುವವನಿಗೂ ಬಿಡದೆ ಕೂರುವುದು ಯಾವ ನ್ಯಾಯ?

ಕಾನೂನು ಏನು ಹೇಳುತ್ತದೆ? ೨೦೨೨ರ ಇ-ತ್ಯಾಜ್ಯ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿವೆ. ತಯಾರಕರು ಹೊಣೆ ಹೊರಬೇಕಾದ ವಸ್ತುಗಳ ಪಟ್ಟಿಯಲ್ಲಿ ರೇಡಿಯೋ, ಹೈ-ಫೈ ರೆಕಾರ್ಡರ್, ಆಂಪ್ಲಿಫೈಯರುಗಳ ಹೆಸರೂ ಇದೆ. ಆದರೆ ಆ ಹೊಣೆ ಅದು ಕಸವಾದ ಮೇಲಿನದು. ಅಂದರೆ ಸತ್ತ ಮೇಲೆ ಹೆಣ ಸಾಗಿಸಲು ಕಂಪನಿ ಬರಬೇಕು, ಬದುಕಿರುವಾಗ ಔಷಧ ಕೊಡಲು ಮಾತ್ರ ಕಡ್ಡಾಯವಿಲ್ಲ! ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ೨೦೨೨ರ ಜುಲೈಯಲ್ಲಿ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರಿನಲ್ಲಿ ಇಂಟರ್‌ನೆಟ್ಟಿನಲ್ಲಿ ಮಾಹಿತಿಯ ತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಮಾಹಿತಿ ಬೇರೆ, ಕಡ್ಡಾಯ ಬೇರೆ. ಯುರೋಪಿನಲ್ಲಿ ೨೦೨೧ರಿಂದ ಫ್ರಿಜ್ಜಿನ ಮುಖ್ಯ ಬಿಡಿಭಾಗಗಳನ್ನು ಏಳು ವರ್ಷ, ಬಟ್ಟೆ ಒಗೆಯುವ ಯಂತ್ರದ್ದನ್ನು ಹತ್ತು ವರ್ಷ ಒದಗಿಸಲೇಬೇಕು ಎಂದಿದೆ. ಫ್ರಾನ್ಸಿನಲ್ಲಿ ಟಿ.ವಿ., ವಾಷಿಂಗ್ ಮೆಷಿನ್ನುಗಳ ಮೇಲೆ ಬೆಲೆಯ ಪಕ್ಕದಲ್ಲೇ ‘ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ’ ಎಂದು ಹತ್ತಕ್ಕೆ ಇಷ್ಟು ಅಂಕ ಎಂದು ಹಾಕುವ ಪದ್ಧತಿ ಅದೇ ವರ್ಷ ಬಂತು. ನಮ್ಮ ಮಕ್ಕಳಿಗೆ ಹಾಕುವ ಅಂಕವನ್ನು ಕಂಪನಿಗಳಿಗೂ ಹಾಕಿದರೆ ಏನು ತಪ್ಪು?

ಅಲ್ಲಿಯವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ದುಡ್ಡು ತೆಗೆದುಕೊಂಡು ಕೆಲಸ ಮಾಡದ ಸರ್ವಿಸ್ಸಿನವರ ಮೇಲೆ, ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ೨೦೨೦ರ ಜುಲೈಯಿಂದ ಜಾರಿಗೆ ಬಂದ ಹೊಸ ಕಾಯಿದೆ ಅದಕ್ಕೆ ಅವಕಾಶ ಕೊಟ್ಟಿದೆ, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು, ಹಾಗಾಗಿ ರಸೀದಿಯನ್ನು ಬೇಳೆ ಡಬ್ಬಿಯಲ್ಲಾದರೂ ಜೋಪಾನ ಮಾಡಿ.

ಇನ್ನೊಂದು ಆಯುಧ ನಮ್ಮ ಕೈಯಲ್ಲೇ ಇದೆ. ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಕೇಳಿ: ಇದನ್ನು ಈ ಊರಿನಲ್ಲಿ ರಿಪೇರಿ ಮಾಡುವವರು ಯಾರು? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಬರೆದು ಕೊಡುತ್ತೀರಾ? ಸೀರೆಯ ಸೆರಗು ತಿರುಗಿಸಿ ನೇಯ್ಗೆ ನೋಡದೆ ಕೊಳ್ಳದ ನಾವು, ಸಾವಿರಾರು ರೂಪಾಯಿಯ ಯಂತ್ರದ ಬೆನ್ನು ತಿರುಗಿಸಿ ಸ್ಕ್ರೂ ಇದೆಯೇ ಎಂದು ನೋಡಲು ಯಾಕೆ ನಾಚಬೇಕು? ನರಸೀಪುರದ ಆ ಮೆಕ್ಯಾನಿಕ್ಕಿನ ಅಂಗಡಿಯ ಮುಕ್ಕಾಲು ಜಾಗದಲ್ಲಿ ಈಗ ಮೊಬೈಲಿನ ಕವರುಗಳು ನೇತಾಡುತ್ತಿವೆ, ಮಗ ಈ ವಿದ್ಯೆ ಕಲಿಯಲಿಲ್ಲ. ಅಂಥವರು ಅಂಗಡಿ ಮುಚ್ಚುವ ಮೊದಲು ನಮ್ಮ ಮೂಕ ಪೆಟ್ಟಿಗೆಗಳು ಅವರ ಮೇಜಿನ ಮೇಲಿರಲಿ, ನಕ್ಷೆ ಕೇಳುವ ನಮ್ಮ ಕಾಗದಗಳು ಕಂಪನಿಯವರ ಮೇಜಿನ ಮೇಲಿರಲಿ. ಒಬ್ಬಳು ಬರೆದರೆ ಬುಟ್ಟಿಗೆ ಹಾಕುತ್ತಾರೆ. ನೂರು ಜನ ಬರೆದರೆ ಬುಟ್ಟಿ ತುಂಬಿದಾಗಲಾದರೂ ಬಗ್ಗಿ ನೋಡುತ್ತಾರೆ.