ಮಣ್ಣಿಗೂ ಬೇಕು ಹೆಪ್ಪು



“ಗೊಬ್ಬರದ ವಿಷಯ ಹೆಂಗಸರ ಪತ್ರಿಕೆಯಲ್ಲಿ ಯಾಕಮ್ಮಾ?” ಅಂತ ಕೇಳಬೇಡಿ. ನಮ್ಮಂಥ ಸಣ್ಣ ಊರಿನ ಎಷ್ಟೋ ಮನೆಗಳಿಗೆ ಎರಡೆಕರೆಯಾದರೂ ಜಮೀನುಂಟು. ಇಲ್ಲದಿದ್ದರೆ ಹಿತ್ತಲಲ್ಲಿ ನಾಲ್ಕು ಬದನೆ ಗಿಡವಾದರೂ ಇರುತ್ತದೆ. ಮುಂಗಾರು ಬಂತೆಂದರೆ ಮಕ್ಕಳ ಫೀಸಿಗೆಂದು ಎತ್ತಿಟ್ಟ ದುಡ್ಡೂ ಒಮ್ಮೊಮ್ಮೆ ಗೊಬ್ಬರದ ಮೂಟೆಗೆ ಹೋಗುತ್ತದೆ. ಅಷ್ಟು ಸುರಿದದ್ದು ಗಿಡದ ಹೊಟ್ಟೆ ಸೇರಿತೇ ಅಂತ ನಾವು ಕೇಳಬೇಡವೇ?

ಡಿ.ಎ.ಪಿ., ಸೂಪರ್ ಫಾಸ್ಫೇಟ್ ತರುವುದು ಮುಖ್ಯವಾಗಿ ರಂಜಕಕ್ಕಾಗಿ. ಬೇರು ಇಳಿಯಲು, ಕಾಳು ಕಟ್ಟಲು ಅದು ಬೇಕೇ ಬೇಕು. ಕಡಿಮೆಯಾದರೆ ಗಿಡ ಕುಳ್ಳಾಗುತ್ತದೆ, ಮುಸುಕಿನ ಜೋಳದ ಎಲೆ ನೇರಳೆಗೆ ತಿರುಗುತ್ತದೆ. ಆದರೆ ಹಾಕಿದ ರಂಜಕದಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಕಡಿಮೆ! ಉಳಿದದ್ದು ವಿಜಾಪುರ, ಧಾರವಾಡದ ಕಡೆಯ ಕಪ್ಪು ಮಣ್ಣಿನಲ್ಲಿ ಸುಣ್ಣದ ಜೊತೆ ಗಟ್ಟಿಯಾಗುತ್ತದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಳ್ಳುತ್ತದೆ. ಕಣಜ ತುಂಬಿದೆ, ಬೀಗದ ಕೈ ಇಲ್ಲ ಅಂದಹಾಗೆ.

ಆ ಬೀಗ ತೆಗೆಯುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇವೆ. ಹಿತ್ತಾಳೆ ಪಾತ್ರೆಯ ಕಿಲುಬನ್ನು ಹುಣಸೆಹುಳಿ ಬಿಡಿಸುತ್ತದಲ್ಲವೇ? ಇವೂ ಅಂಥ ಹುಳಿಯನ್ನು ಸುರಿಸಿ, ಗಟ್ಟಿಯಾದ ರಂಜಕವನ್ನು ಕರಗಿಸಿ ಬೇರಿಗೆ ಕೊಡುತ್ತವೆ. 1948ರಲ್ಲಿ ರಷ್ಯಾದ ಪಿಕೋವ್‌ಸ್ಕಾಯಾ ಎಂಬಾಕೆ ಇವನ್ನು ಗುರುತಿಸುವ ಸುಲಭ ದಾರಿ ತೋರಿಸಿದರು. ರಂಜಕದ ಸುಣ್ಣ ಬೆರೆಸಿದ, ಹಾಲಿನಂತೆ ಬೆಳ್ಳಗಿರುವ ತಟ್ಟೆಯಲ್ಲಿ ಇವನ್ನು ಬೆಳೆಸಿದರೆ, ರಂಜಕ ಕರಗಿದಲ್ಲೆಲ್ಲ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಇವತ್ತಿಗೂ ಪ್ರಯೋಗಶಾಲೆಗಳಲ್ಲಿ ಇದೇ ಪರೀಕ್ಷೆ.

ಈ ಜೀವಾಣುಗಳ ಗೊಬ್ಬರ 200 ಗ್ರಾಂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ. ಬಳಸುವುದು ಹೀಗೆ:

ಅರ್ಧ ಲೀಟರ್ ನೀರಿಗೆ ಸುಮಾರು 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಒಂದು ಪ್ಯಾಕೆಟ್ ಪುಡಿ ಕದಡಿ, 10 ಕಿಲೋ ಬೀಜಕ್ಕೆ ಹಗುರವಾಗಿ ಸವರಿ. ನೆರಳಿನಲ್ಲಿ ಆರಹಾಕಿ ಅಂದೇ ಬಿತ್ತಿ. ಹಿತ್ತಲಿಗಾದರೆ ಒಂದು ಬುಟ್ಟಿ ಕಳಿತ ಗೊಬ್ಬರಕ್ಕೆ ಒಂದು ಹಿಡಿ ಪುಡಿ ಬೆರೆಸಿ, ಗಿಡದ ಬುಡಕ್ಕೆ ಹಾಕಿ ನೀರು ಕೊಡಿ.

ಇದು ಹೆಪ್ಪಿನಂತೆ ಜೀವವಿರುವ ವಸ್ತು, ನೆನಪಿರಲಿ. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು. ಬಿಸಿಲಿನಲ್ಲಿಟ್ಟ ಪ್ಯಾಕೆಟ್ಟೂ ಹಾಗೇ. ತಂಪಾದ ಕಡೆ ಇಡಿ, ಅವಧಿಯ ತಾರೀಖು ನೋಡಿ ಕೊಳ್ಳಿ. ರಾಸಾಯನಿಕ ಗೊಬ್ಬರ, ಕೀಟನಾಶಕದ ಜೊತೆ ಕಲಸಬೇಡಿ. ಮಣ್ಣಿನಲ್ಲಿ ಸಗಣಿಗೊಬ್ಬರ, ತರಗೆಲೆ ಇದ್ದರೆ ಇವಕ್ಕೂ ಊಟ.

ಇನ್ನೊಂದು ಮಾತು. ಇವು ರಂಜಕವನ್ನು ಕರಗಿಸುತ್ತವೆಯೇ ಹೊರತು ಹುಟ್ಟಿಸುವುದಿಲ್ಲ. ಮಣ್ಣಿನಲ್ಲಿ ಇಲ್ಲದ್ದನ್ನು ಎಲ್ಲಿಂದ ತಂದಾವು? ಎಲ್ಲ ಮಣ್ಣಿನಲ್ಲೂ ಫಲ ಒಂದೇ ತರಹ ಇರುವುದಿಲ್ಲ. ಆದ್ದರಿಂದ ಒಮ್ಮೆಗೇ ಮೂಟೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ. ಚೀಟಿಯಲ್ಲಿ ರಂಜಕ ಸಾಕಷ್ಟಿದೆ ಅಂತ ಬಂದರೆ, ಎಷ್ಟು ಮೂಟೆ ಕಡಿಮೆ ಮಾಡಬಹುದೆಂದು ಕೃಷಿ ಅಧಿಕಾರಿಯನ್ನೇ ಕೇಳಿ. ಉಳಿದ ದುಡ್ಡಿಗೆ ದಾರಿ ತೋರಿಸುವುದು ನಿಮಗೆ ಹೇಳಿಕೊಡಬೇಕೇ!