ತಾಯ್ತನವೆಂಬ ಕಾಯಕ



ತಾಯಿಯನ್ನು ದೇವರೆಂದು ಕೊಂಡಾಡುವುದರಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಹಾಗೆ ಕೊಂಡಾಡುವಾಗ ನಮ್ಮ ಕಣ್ಮುಂದೆ ಬರುವವಳು ನಮ್ಮನ್ನು ಹೆತ್ತವಳೇ ಹೊರತು ನಮ್ಮ ಮಕ್ಕಳನ್ನು ಹೆತ್ತ ಮಡದಿಯಲ್ಲ. ತನ್ನ ತಾಯಿ ಪಟ್ಟ ಪಾಡನ್ನು ನೆನೆದು ಕಣ್ಣೊರೆಸಿಕೊಳ್ಳುವ ಗಂಡಸು, ಅದೇ ಪಾಡು ತನ್ನ ಮನೆಯಲ್ಲಿ ದಿನವೂ ನಡೆಯುತ್ತಿರುವುದನ್ನು ಕಾಣದೆ ಹೋಗುತ್ತಾನೆ. ಇದು ಅನ್ಯರ ಮೇಲಣ ಆಕ್ಷೇಪವಲ್ಲ, ನನ್ನದೇ ತಪ್ಪೊಪ್ಪಿಗೆ.

ಕಳೆದ ಮಳೆಗಾಲದ ಒಂದು ರಾತ್ರಿ, ಮರುದಿನದ ಉಪನ್ಯಾಸಕ್ಕಾಗಿ ಆಯ್ದಕ್ಕಿ ಲಕ್ಕಮ್ಮನ ವಚನಗಳಿಗೆ ಟಿಪ್ಪಣಿ ಬರೆಯುತ್ತ ಕುಳಿತಿದ್ದೆ. ಒಳಕೋಣೆಯಲ್ಲಿ ಎರಡು ವರ್ಷದ ಮಗಳಿಗೆ ಜ್ವರ. ಮಡದಿ ಹಿಂದಿನ ರಾತ್ರಿಯೂ ಕಣ್ಣು ಮುಚ್ಚಿರಲಿಲ್ಲ. ಎರಡು ಸಲ ನನ್ನನ್ನು ಕರೆದಳಂತೆ. ಬರವಣಿಗೆಯಲ್ಲಿ ಮುಳುಗಿದ್ದ ನನಗೆ ಕೇಳಿಸಲಿಲ್ಲ. ಕೊನೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಲಕ್ಕಮ್ಮನ ಮಾತು ನಾಳೆ ಹೇಳೀರಂತ್ರಿ, ಈಗ ಕೂಸನ್ನ ಸ್ವಲ್ಪ ಎತ್ತಿಕೊಳ್ರಿ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

ನಾನು ಬರೆಯುತ್ತಿದ್ದುದಾದರೂ ಏನನ್ನು? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿ ಮಾರಯ್ಯ ಮತ್ತು ಲಕ್ಕಮ್ಮ. ಮಾರಯ್ಯನು ಅನುಭಾವದ ಮಾತಿನಲ್ಲಿ ಮೈಮರೆತಾಗ, ಕಾಯಕ ನಿಂತುಹೋಗಿದೆಯೆಂದು ಎಚ್ಚರಿಸಿದವಳು ಲಕ್ಕಮ್ಮ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಸುರಿದು ಬರಲು ಹೇಳಿದವಳೂ ಅವಳೇ. ಅವಳ ಮಾತನ್ನು ಮಾರಯ್ಯನು ಹೆಂಡತಿಯ ಗೊಣಗಾಟವೆಂದು ತಳ್ಳಿಹಾಕಲಿಲ್ಲ, ಎದ್ದು ನಡೆದನು. ಕಾಯಕದಲ್ಲಿ ತೊಡಗಿದಾಗ ಗುರುದರ್ಶನ, ಲಿಂಗಪೂಜೆಗಳೂ ಹಿಂದಕ್ಕೆ ಸರಿಯಬೇಕೆಂಬ ಅರ್ಥದ ವಚನ ಆ ಮಾರಯ್ಯನದೇ. ಇದನ್ನೆಲ್ಲ ಬರೆಯುತ್ತಿದ್ದ ನನ್ನನ್ನು ಎಚ್ಚರಿಸಲು ಮಡದಿಯೇ ಬಾಗಿಲಿಗೆ ಬರಬೇಕಾಯಿತು.

ಮಕ್ಕಳನ್ನು ಸಲಹುವುದನ್ನು ಕಾಯಕವೆಂದರೆ ತಾಯಿಯ ಒಲವನ್ನು ಕೂಲಿಗೆ ಇಳಿಸಿದಂತಾಗದೇ ಎಂದು ಕೆಲವರು ಕೇಳಬಹುದು. ಶರಣರ ಕಾಯಕ ಕೂಲಿಯಲ್ಲ. ಅದು ನಿಷ್ಠೆ, ದಾಸೋಹಭಾವಗಳಿಂದ ಮಾಡುವ ದುಡಿಮೆ. ನಡುರಾತ್ರಿ ಎದ್ದು ಹಾಲುಣಿಸುವವಳಲ್ಲಿ ಈ ಎರಡೂ ಇವೆ. ಅವಳನ್ನು ದೇವತೆಯೆಂದು ಕರೆದರೆ ದಣಿವು ಕಾಣದು, ದೇವತೆಗಳಿಗೆ ನಿದ್ದೆ ಬೇಕಿಲ್ಲವಲ್ಲ! ಕಾಯಕಜೀವಿಯೆಂದು ಕಂಡಾಗಲೇ ಆ ದಣಿವು ನಮ್ಮ ಅರಿವಿಗೆ ಬರುತ್ತದೆ.

ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ ಮಾತ್ರ. ಮಕ್ಕಳ ಮತ್ತು ಹಿರಿಯರ ಆರೈಕೆಯ ಲೆಕ್ಕ ಬೇರೆಯೇ ಇದೆ. ಅಲ್ಲಿಯೂ ಹೆಂಗಸರ ಪಾಲೇ ಹೆಚ್ಚು. ಸ್ತ್ರೀಪುರುಷ ಸಮಾನತೆಯನ್ನು ಹನ್ನೆರಡನೆಯ ಶತಮಾನದಲ್ಲೇ ಸಾರಿದೆವೆಂದು ಹೆಮ್ಮೆಪಡುವ ನಮ್ಮ ಮನೆಗಳ ಲೆಕ್ಕವೂ ಇದಕ್ಕಿಂತ ಬಹಳ ಭಿನ್ನವಾಗಿರಲಾರದು.

"ಹೆಂಡತಿಗೆ ಸಹಾಯ ಮಾಡುತ್ತೇನೆ" ಎನ್ನುವವರೂ ಉಂಟು. ಮಗು ಇಬ್ಬರದೂ ಆದ ಮೇಲೆ ಅದು ಸಹಾಯ ಹೇಗಾದೀತು? ತನ್ನ ಪಾಲಿನ ಕಾಯಕವಷ್ಟೇ. ಮಡದಿಯ ತಾಯ್ತನವನ್ನು ಮೆಚ್ಚುವುದೆಂದರೆ ಅದರಲ್ಲಿ ಪಾಲುಗೊಳ್ಳುವುದು. ಮೆಚ್ಚುಗೆಯ ಮಾತು ಬೇಡವೆಂದಲ್ಲ. ಕೈ ಮುಂದಾಗದೆ ಬಾಯಿ ಮಾತ್ರ ಆಡಿದರೆ ಅದು ನಡೆಯಿಲ್ಲದ ನುಡಿ.

ಅಂದು ಬೆಳಗಿನ ಜಾವದವರೆಗೆ ಮಗು ನನ್ನ ಹೆಗಲ ಮೇಲಿತ್ತು. ಮಡದಿ ಮೂರು ತಾಸು ಮಲಗಿದಳು. ಟಿಪ್ಪಣಿ ಅರ್ಧಕ್ಕೇ ನಿಂತಿತು. ಮರುದಿನ ಸಭೆಯಲ್ಲಿ ಬರೆದಷ್ಟನ್ನು ಓದಿ, ಉಳಿದುದರ ಬದಲು ಆ ರಾತ್ರಿಯ ಸಂಗತಿಯನ್ನೇ ಹೇಳಿದೆ.