ಜ್ವರ ಯಾವ ಊರಿಂದ ಬಂತು?

ಸೋಲಾಪುರ ಹಾದಿಯಿಂದ ಬಂದು ಬಸವಕಲ್ಯಾಣ, ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರು ಗಂಟುಮೂಟೆಯ ಜೊತೆ ಇನ್ನೊಂದನ್ನೂ ತರಬಹುದು: ಮಲೇರಿಯಾ. ಮುಂಬಯಿಯಲ್ಲಿ ಕಟ್ಟುತ್ತಿರುವ ಕಟ್ಟಡಗಳ ಟಾಕಿಯಲ್ಲಿ ನಿಂತ ನೀರೇ ಆ ಸೊಳ್ಳೆಯ ತೊಟ್ಟಿಲು. ಗೌಂಡಿ ಕೆಲಸಕ್ಕೆ ಹೋದವರು ಮಲಗುವುದೂ ಅಲ್ಲೇ. ಊರಿಗೆ ಬಂದ ದಿನ ಮನುಷ್ಯ ಗಟ್ಟಿಯಾಗಿಯೇ ಇರುತ್ತಾನೆ. ಕಚ್ಚಿದ ಮೇಲೆ ಜ್ವರ ಕಾಣಿಸಲು ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ. ವೈವಾಕ್ಸ್ ಜಾತಿಯದಾದರೆ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಆದ ಮೇಲೂ ಏಳುತ್ತದೆ. ಅಷ್ಟೊತ್ತಿಗೆ ಮುಂಬಯಿ ಮಾತು ಮನೆಯವರಿಗೂ ಮರೆತಿರುತ್ತದೆ.

ನಡುರಾತ್ರಿ ಚಳಿಗೆ ಗಡಗಡ ನಡುಗುವವನನ್ನು ಆಟೋದಲ್ಲಿ ಹಾಕಿಕೊಂಡು ದವಾಖಾನೆಯ ತುರ್ತು ವಿಭಾಗಕ್ಕೆ ಒಯ್ಯುತ್ತಾರೆ. ಹೆಸರು, ವಯಸ್ಸು ಬರೆದುಕೊಂಡು ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿದರೆ ಆಯಿತೇ? ‘ತಿಂಗಳೊಪ್ಪತ್ತಿನಾಗ ಎಲ್ಲಿಗೆ ಹೋಗಿದ್ದಿ ತಮ್ಮಾ?’ ಅಂತ ಕೇಳಿದರೆ ಅರ್ಧ ಪತ್ತೆ ಆದ ಹಾಗೆ. ಡೆಂಗಿ ಇರಬಹುದು, ಟೈಫಾಯಿಡ್ ಇರಬಹುದು, ಮೈ ಮುಟ್ಟಿ ಹೇಳುವುದು ಯಾರಿಂದಲೂ ಆಗದು. ಫಾಲ್ಸಿಪಾರಂ ಮಲೇರಿಯಾ ಆಗಿದ್ದರಂತೂ ಒಂದೆರಡು ದಿನದಲ್ಲೇ ಮಿದುಳಿಗೆ ಏರಿ ಪ್ರಾಣ ತೆಗೆಯಬಲ್ಲದು. ಕಿಟ್ ಇದ್ದರೆ ಬೆರಳ ತುದಿಯ ಒಂದು ಹನಿ ರಕ್ತ, ಇಪ್ಪತ್ತು ನಿಮಿಷ ಸಾಕು. ಒಂದು ಸಲ ‘ಇಲ್ಲ’ ಎಂದು ಬಂದರೂ ಅನುಮಾನವಿದ್ದರೆ ಮರುದಿನ ಮತ್ತೆ ನೋಡಬೇಕು.

ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗಾಣುವನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ಸಿಕಂದರಾಬಾದಿನಲ್ಲಿ. ಹುಮನಾಬಾದಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರು ಅದು!

2020ರ ಮಾರ್ಚಿನಲ್ಲಿ ಸೌದಿಯಿಂದ ಮರಳಿದ್ದ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡು, ಅದು ದೇಶದ ಮೊದಲ ಕೊರೊನಾ ಸಾವು ಎಂದು ತಿಳಿದಾಗ ‘ಎಲ್ಲಿಂದ ಬಂದ್ರಿ’ ಎಂಬುದೇ ಎಲ್ಲೆಡೆ ಮೊದಲ ಪ್ರಶ್ನೆಯಾಗಿತ್ತು. ಆ ರೂಢಿ ಕೊರೊನಾ ಹಿಂದೆಯೇ ಹೋಗಬಾರದು. ಎರಡೂ ತಾಲೂಕು ಆಸ್ಪತ್ರೆಗಳ ಚೀಟಿಯ ಮೇಲೆ ‘ಯಾವ ಊರಿಂದ, ಯಾವಾಗ’ ಎಂದು ರಬ್ಬರ್ ಮುದ್ರೆ ಹೊಡೆಸಲು ಎಷ್ಟು ಖರ್ಚಾದೀತು? ಕಿಟ್ ರಾತ್ರಿ ಪಾಳಿಯವರ ಕೈಗೂ ಸಿಗಬೇಕು, ಬೀಗ ಹಾಕಿದ ಕಪಾಟಿನಲ್ಲಿದ್ದು ಏನು ಬಂತು? ತಾಲೂಕು ಆರೋಗ್ಯಾಧಿಕಾರಿಗಳು ಇತ್ತ ಗಮನ ಹರಿಸಲಿ.

ಜನರದ್ದೂ ತಪ್ಪಿದೆ. ಅಂಗಡಿ ಗುಳಿಗೆ ನುಂಗಿ ನಾಲ್ಕು ದಿನ ದೂಡುವುದು, ವೈವಾಕ್ಸಿಗೆಂದು ಡಾಕ್ಟರು 14 ದಿನದ ಪ್ರೈಮಾಕ್ವಿನ್ ಕೊಟ್ಟರೆ ಮೂರನೇ ದಿನಕ್ಕೆ ಬಿಟ್ಟು ಮತ್ತೆ ಬಸ್ಸು ಹತ್ತುವುದು. ಯಾರೂ ಕೇಳದಿದ್ದರೂ ‘ಸಾಹೇಬ್ರ, ಹೋದ ವಾರ ಮುಂಬಯಿಂದ ಬಂದೀನ್ರಿ’ ಅಂತ ತಾವಾಗಿಯೇ ಹೇಳಬೇಕು. ಸರಕಾರಿ ದವಾಖಾನೆಯಲ್ಲಿ ಮಲೇರಿಯಾದ ರಕ್ತ ಪರೀಕ್ಷೆಗೂ ಗುಳಿಗೆಗೂ ಕಾಸು ಕೊಡಬೇಕಿಲ್ಲ.